ಸರಕು ಸಾಗಣೆ ಕಂಪನಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿದೆ, ಸೇರಬಹುದೇ? ಒಳಗಿನವರು ಹೇಳಿ

ದಾವಣಗೆರೆ ಹುಡುಗ
ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಈಗ ವಿಮೆ ಮಾರುವ ಕೆಲಸದಲ್ಲಿದ್ದೇನೆ. ಬೆಂಗಳೂರಿನ ಒಂದು ಫ್ರೈಟ್ ಫಾರ್ವರ್ಡಿಂಗ್ (ಬೇರೆಯವರ ಸರಕು ಸಾಗಿಸಲು ವ್ಯವಸ್ಥೆ ಮಾಡಿಕೊಡುವ) ಕಂಪನಿಯಿಂದ ಸೇಲ್ಸ್ ಹುದ್ದೆಗೆ ಪತ್ರ ಬಂದಿದೆ. ಹಡಗು, ವಿಮಾನ, ಲಾರಿ ಮೂರನ್ನೂ ನೋಡುತ್ತಾರಂತೆ. ನನಗೆ ಕೊಡುವ ಪ್ರದೇಶ ಪೀಣ್ಯ, ದಾಬಸ್‌ಪೇಟೆ, ತುಮಕೂರು. ಸಂಬಳ ಈಗಿನದಕ್ಕಿಂತ ಹೆಚ್ಚು, ಮೇಲೆ ಇನ್ಸೆಂಟಿವ್ ಬೇರೆ. ಸಂದರ್ಶನದಲ್ಲಿ "ನಿಮ್ಮ ಕೈಯಲ್ಲಿ ಎಷ್ಟು ಪಾರ್ಟಿಗಳಿದ್ದಾರೆ?" ಎಂದು ಕೇಳಿದರು. ಒಬ್ಬರೂ ಇಲ್ಲ ಎಂದೆ. ಆದರೂ ಆಯ್ಕೆ ಮಾಡಿದ್ದಾರೆ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಈ ಕೆಲಸ ನಿಜವಾಗಿ ಹೇಗಿರುತ್ತದೆ? ದಿನವಿಡೀ ಏನು ಮಾಡಬೇಕು?

ಎರಡನೇ ಹಂತ
ಬೇಡ. ವಿಮೆಯಲ್ಲೇ ಇರಿ.

ಪೀಣ್ಯದ ಹಳಬ
ಮೇಲಿನವರು ಇವತ್ತು ಯಾವುದೋ ಪಾರ್ಟಿಯಿಂದ ಬೈಸಿಕೊಂಡು ಬಂದಿರಬೇಕು. ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ ತಮ್ಮ.

ಮೊದಲ ಆರು ತಿಂಗಳು ನಿಮ್ಮ ಗೆಳೆಯರೆಂದರೆ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವರು. ರಿಜಿಸ್ಟರಿನಲ್ಲಿ ಹೆಸರು ಬರೆದು, "ಯಾರನ್ನು ನೋಡಬೇಕು?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ರಫ್ತು ವಿಭಾಗದವರ ಹೆಸರು ಗೊತ್ತಿಲ್ಲದಿದ್ದರೆ ಅಲ್ಲಿಂದಲೇ ವಾಪಸ್. ಹಾಗಾಗಿ ಆ ರಿಜಿಸ್ಟರಿನಲ್ಲಿ ನಿಮಗಿಂತ ಮೊದಲು ಬಂದವರು ಯಾರನ್ನು ಕಂಡಿದ್ದಾರೆಂದು ಓದುವುದನ್ನು ಕಲಿಯಿರಿ. ಎಷ್ಟೋ ಹೆಸರು ಅಲ್ಲೇ ಸಿಗುತ್ತವೆ.

ಒಳಗೆ ಹೋದರೆ ಸಿಗುವ ಮಾತು ಒಂದೇ: "ರೇಟು ಕಳುಹಿಸಿ." ನೀವು ಸಂತೋಷದಿಂದ ಕಳುಹಿಸುತ್ತೀರಿ. ಅವರು ಅದನ್ನು ಹಿಡಿದುಕೊಂಡು ಹಳೆಯ ಫಾರ್ವರ್ಡರನ್ನು ಕರೆದು ಅಷ್ಟಕ್ಕೇ ಇಳಿಸುತ್ತಾರೆ. ಲೋಡು ಅವನಿಗೇ ಹೋಗುತ್ತದೆ. ಈ ಆಟ ತಿಂಗಳುಗಟ್ಟಲೆ ನಡೆಯುತ್ತದೆ. ಚೆನ್ನೈನಿಂದ ಹ್ಯಾಂಬರ್ಗಿಗೆ ಹೋಗುವ ಹಡಗು ನಿಮ್ಮದೂ ಅಲ್ಲ, ಅವನದೂ ಅಲ್ಲ. ಇಬ್ಬರೂ ಅದೇ ಮೂರ್ನಾಲ್ಕು ಲೈನುಗಳನ್ನು, ಅಂದರೆ ಹಡಗು ಕಂಪನಿಗಳನ್ನು, ಕೇಳಿ ದರ ತರುವವರು. ಹಾಗಿದ್ದ ಮೇಲೆ ದರದಲ್ಲಿ ಎಷ್ಟು ವ್ಯತ್ಯಾಸ ಇದ್ದೀತು?

ಗಿರಾಕಿ ನಿಮ್ಮವನಾಗುವುದು ಹಳಬ ಕೈಕೊಟ್ಟ ದಿನ. ಶನಿವಾರ ಸಂಜೆ ಕಂಟೇನರ್ ಬರಲಿಲ್ಲ, ಅವನ ಫೋನ್ ಸ್ವಿಚ್ ಆಫ್. ಆ ಹೊತ್ತಿಗೆ ನಿಮ್ಮ ನಂಬರ್ ಅವರ ಮೊಬೈಲಿನಲ್ಲಿರಬೇಕು, ನೀವು ಎತ್ತಬೇಕು, ಖಾಲಿ ಕಂಟೇನರ್ ಹುಡುಕಿಕೊಡಬೇಕು. ಅದಕ್ಕೇ ಅಷ್ಟು ತಿಂಗಳು ಸುತ್ತುವುದು.

ಲೆಕ್ಕದ ಅಕ್ಕ
ನಾನು ಇಂಥದೇ ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. ಸೇಲ್ಸ್‌ನವರು ಹೇಳದ ಅರ್ಧ ಕಥೆಯನ್ನು ನಾನು ಹೇಳುತ್ತೇನೆ.

ಹಣ ಕಟ್ಟದೆ ಹಡಗು ಕಂಪನಿ ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಸರಕು ಪಡೆದದ್ದಕ್ಕೆ ಕೊಡುವ ದಾಖಲೆ) ಕೊಡುವುದಿಲ್ಲ. ಅಂದರೆ ಸರಕು ಹೊರಟ ಕೂಡಲೇ ನಮ್ಮ ದುಡ್ಡು ಹೋಗಿರುತ್ತದೆ. ಪಾರ್ಟಿ ಮಾತ್ರ 45 ದಿನ, 60 ದಿನ ಎನ್ನುತ್ತದೆ. ದೊಡ್ಡ ಕಂಪನಿಯಾದರೆ 90. ಆ 90 ಕೂಡ ಬಿಲ್ಲಿನ ತಾರೀಖಿನಿಂದಲ್ಲ, ಅವರ ಪೋರ್ಟಲ್ಲಿನಲ್ಲಿ ಬಿಲ್ಲು "ಸ್ವೀಕೃತ" ಎಂದು ಕಾಣಿಸಿದ ದಿನದಿಂದ. ಪಿ.ಒ. (ಖರೀದಿ ಆದೇಶ) ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ತಿರಸ್ಕಾರ, ಮತ್ತೆ ಮೊದಲಿನಿಂದ ಎಣಿಕೆ. ಒಂದು ಕಂಟೇನರಿನಲ್ಲಿ ನಮಗೆ ಉಳಿಯುವುದು ಕೆಲವು ಸಾವಿರ ರೂಪಾಯಿ, ಸಿಕ್ಕಿಹಾಕಿಕೊಂಡಿರುವುದು ಲಕ್ಷಗಳು.

ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಇನ್ಸೆಂಟಿವ್ ಲೆಕ್ಕ ಬಿಲ್ ಮಾಡಿದಾಗಲೋ, ವಸೂಲಾದ ಮೇಲೋ? ವಸೂಲಾದ ಮೇಲೆ ಎಂದರೆ ಕೆಲಸದ ಅರ್ಧ ಭಾಗ ವಸೂಲಿ ಎಂದೇ ತಿಳಿಯಿರಿ. ಬೆಳಿಗ್ಗೆ ಹೊಸ ಪಾರ್ಟಿಯ ಬಾಗಿಲು, ಮಧ್ಯಾಹ್ನ ಹಳೆಯ ಪಾರ್ಟಿಯ ಅಕೌಂಟ್ಸ್ ಬಾಗಿಲು.

ಗುರಿ ತಪ್ಪದವ
ಅಕ್ಕ, ಈಗ ಆ ಸಮಸ್ಯೆ ಇಲ್ಲವಲ್ಲ? 45 ದಿನದೊಳಗೆ ಕೊಡದಿದ್ದರೆ ಕೊಳ್ಳುವವರಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಕಳೆಯಲು ಬಿಡುವುದಿಲ್ಲ ಎಂಬ ನಿಯಮ ಬಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್).

ಲೆಕ್ಕದ ಅಕ್ಕ
ಪೂರ್ತಿ ಓದಿ ಸರ್. ಅದು ನೋಂದಾಯಿಸಿದ ಮೈಕ್ರೊ ಮತ್ತು ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣಕ್ಕೆ ಮಾತ್ರ. ಮಧ್ಯಮ ಗಾತ್ರದವರು ಅದರಲ್ಲಿ ಇಲ್ಲ. 45 ದಿನ ಎಂಬುದೂ ಬರವಣಿಗೆಯ ಒಪ್ಪಂದ ಇದ್ದರೆ. ಇಲ್ಲದಿದ್ದರೆ 15 ದಿನವೇ. ಇನ್ನೊಂದು ವಿಷಯ: ಆ ವರ್ಷ ಕಳೆಯಲು ಬಿಡುವುದಿಲ್ಲ ಅಷ್ಟೇ, ಹಣ ಕೊಟ್ಟ ವರ್ಷ ಕಳೆದುಕೊಳ್ಳಬಹುದು. ಇದಾದ ಮೇಲೆ ಮಾರ್ಚ್ ಕೊನೆಯ ವಾರ ನಮಗೆ ಫೋನುಗಳು ಬರುತ್ತವೆ ನಿಜ. ಉಳಿದ ಹನ್ನೊಂದು ತಿಂಗಳು ಹಳೆಯ ಹಾಡೇ.

ಗುರಿ ತಪ್ಪದವ
ಸರಿ, ಒಪ್ಪಿದೆ. ಆದರೆ ನೀವೆಲ್ಲ ಹುಡುಗನನ್ನು ಸುಮ್ಮನೆ ಹೆದರಿಸುತ್ತಿದ್ದೀರಿ. ನಾನು 2021ರಲ್ಲಿ ಸೇರಿದವನು. ಮೊದಲ ವರ್ಷವೇ ಟಾರ್ಗೆಟ್ ದಾಟಿ ಕಾರು ಕೊಂಡೆ. ಮಾತು ಗೊತ್ತಿರಬೇಕು, ಓಡಾಡಬೇಕು, ಅಷ್ಟೇ.

ಪೀಣ್ಯದ ಹಳಬ
2021! ಆ ವರ್ಷ ಯಾರು ಮಾರಲಿಲ್ಲ ಹೇಳಿ. ಖಾಲಿ ಕಂಟೇನರ್ ಸಿಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿತು. ದರ ವಾರಕ್ಕೊಂದು. ರೇಷನ್ ಅಂಗಡಿಯ ಮುಂದೆ ನಿಂತಂತೆ ಪಾರ್ಟಿಗಳೇ ಸಾಲಾಗಿ ನಿಂತಿದ್ದರು. ಜಾಗ ಇದೆ ಎಂದರೆ ಸಾಕು, ದರ ಕೇಳುವವರೇ ಇರಲಿಲ್ಲ. ನಾವು ಅದನ್ನು ಸೇಲ್ಸ್ ಎನ್ನುವುದಿಲ್ಲ. 2022ರ ಎರಡನೇ ಅರ್ಧದಲ್ಲಿ ದರ ಕುಸಿಯಿತಲ್ಲ, ಆಗ ಏನು ಮಾಡಿದಿರಿ ಅದನ್ನು ಹೇಳಿ.

ಗುರಿ ತಪ್ಪದವ
ಕಂಪನಿ ಬದಲಾಯಿಸಿದೆ.

ಎರಡನೇ ಹಂತ
ಅಲ್ಲಿಗೆ ಉತ್ತರ ಸಿಕ್ಕಿತು.

ಪಣಂಬೂರು ಕಡೆಯವ
ನಗು ಬಂತು. ನಾನು ಮಂಗಳೂರಿನಿಂದ. ಹಾಸನ, ಚಿಕ್ಕಮಗಳೂರು, ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಗಳ) ಲೋಡು ನೋಡಿಕೊಳ್ಳುತ್ತೇನೆ. ಇಲ್ಲಿ ಸೇಲ್ಸ್‌ನವನು ದರ ಮಾತನಾಡಿ ಕಚೇರಿಗೆ ವಾಪಸಾದರೆ ಮುಂದಿನ ಲೋಡು ಸಿಗುವುದಿಲ್ಲ.

ಕಾಫಿ ತುಂಬುವ ಮೊದಲು ಖಾಲಿ ಕಂಟೇನರಿನ ಒಳಗೆ ನಿಂತು ಎರಡೂ ಬಾಗಿಲು ಮುಚ್ಚಿಸಿಕೊಳ್ಳಬೇಕು. ಒಳಗೆ ಪೂರ್ತಿ ಕತ್ತಲಾಗಬೇಕು. ತಗಡಿನಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಬೆಳಕಿನ ಚುಕ್ಕೆ ಕಾಣುತ್ತದೆ. ಕಂಡರೆ ಆ ಕಂಟೇನರ್ ವಾಪಸ್. ಆಮೇಲೆ ಮೂಸಿ ನೋಡಬೇಕು. ಹಿಂದಿನ ಸರಕು ಮಸಾಲೆಯೋ ರಾಸಾಯನಿಕವೋ ಆಗಿದ್ದರೆ ಕಾಫಿ ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಗೋಡೆಗೆ ಕ್ರಾಫ್ಟ್ ಕಾಗದ, ಮೇಲೆ ತೇವ ಹೀರುವ ಚೀಲಗಳನ್ನು ತೂಗುಹಾಕಬೇಕು. ಬಿಸಿ ಊರಿನಿಂದ ತಂಪು ಊರಿಗೆ ಹೋಗುವಾಗ ಕಂಟೇನರಿನ ಚಾವಣಿಯಲ್ಲಿ ನೀರು ಕಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. 60 ಕಿಲೋದ 320 ಚೀಲ, ಅಂದರೆ 19.2 ಟನ್. ಅದರಲ್ಲಿ ಹತ್ತು ಚೀಲ ಬೂಷ್ಟು ಹಿಡಿದರೂ ಇಟಲಿಯ ಕೊಳ್ಳುವವನ ಮೇಲ್ ಬರುವುದು ಮೊದಲು ರಫ್ತುದಾರರಿಗೆ, ಎರಡನೆಯದಾಗಿ ನನಗೆ.

ಮಳೆಗಾಲದಲ್ಲಿ ಶಿರಾಡಿ ಘಾಟಿ ಬೇರೆ. 2024ರ ಜುಲೈಯಲ್ಲಿ ಸಕಲೇಶಪುರದ ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ನಮ್ಮ ಟ್ರೇಲರುಗಳು ಮೇಲೆಯೇ ನಿಂತವು. ಚಾರ್ಮಾಡಿಯ ತಿರುವುಗಳಲ್ಲಿ ಇಷ್ಟುದ್ದದ ಟ್ರೇಲರ್ ಇಳಿಸುವ ಮಾತೇ ಇಲ್ಲ. ಬಂದರಿನ ಗೇಟ್ ಕಟ್-ಆಫ್ (ಕಂಟೇನರ್ ಒಳಗೆ ಬಿಡುವ ಕೊನೆಯ ಸಮಯ) ಮುಗಿದ ಮೇಲೆ, ದೊಡ್ಡ ಹಡಗಿಗೆ ಸರಕು ಒಯ್ಯುವ ಸಣ್ಣ ಫೀಡರ್ ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಅದು ತಪ್ಪಿದರೆ ಕೊಲಂಬೊದ ದೊಡ್ಡ ಹಡಗೂ ತಪ್ಪಿತು. ಒಬ್ಬ ರಫ್ತುದಾರರು ಫೋನಿನಲ್ಲಿ, "ಗುಡ್ಡ ಕುಸಿದದ್ದು ನಿಮ್ಮಿಂದ ಎಂದು ನಾನು ಹೇಳುತ್ತಿಲ್ಲ ಮಾರಾಯರೇ, ಆದರೆ ಹಡಗು ಸಿಗುತ್ತದೆ ಎಂದು ಹೇಳಿದವರು ನೀವು" ಎಂದರು. ಅದಕ್ಕೆ ಉತ್ತರ ಇದ್ದರೆ ಯಾರಾದರೂ ಕೊಡಿ.

ಆಪರೇಷನ್ಸ್ ಅಣ್ಣ
ಉತ್ತರ ಇದೆ: ಹೇಳಬಾರದಿತ್ತು. "ಸಿಗುತ್ತದೆ" ಎಂದು ಸೇಲ್ಸ್‌ನವರು ಹೇಳಿ ಹೋಗುತ್ತಾರೆ, ರಾತ್ರಿ ಸಾಯುವವರು ನಾವು.

ಪಣಂಬೂರು ಕಡೆಯವ
"ಸಿಗದೇ ಇರಬಹುದು" ಎಂದು ಹೇಳಿದರೆ ಆ ಲೋಡು ಪಕ್ಕದವನಿಗೆ ಹೋಗುತ್ತದೆ ಅಣ್ಣ. ಆಗ ನಿಮಗೆ ರಾತ್ರಿ ಕೆಲಸವೂ ಇಲ್ಲ, ಸಂಬಳವೂ ಇಲ್ಲ.

ಆಪರೇಷನ್ಸ್ ಅಣ್ಣ
ಇದೇ ಮಾತನ್ನು ಪ್ರತಿ ಕಚೇರಿಯಲ್ಲೂ ಕೇಳಿದ್ದೇನೆ. ಹೋಗಲಿ. ದಾವಣಗೆರೆಯವರೇ, ಸೇರುವುದಾದರೆ ಒಂದು ಲೆಕ್ಕವನ್ನು ಈಗಲೇ ಬಾಯಿಪಾಠ ಮಾಡಿ. ವಿಮಾನದ ಸರಕಿಗೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಬೇಕು. 120, 80, 100ರ ಪೆಟ್ಟಿಗೆ ಎಂದರೆ 160 ಕಿಲೋ. ತಕ್ಕಡಿಯಲ್ಲಿ ಅದು 70 ಕಿಲೋ ತೂಗಿದರೂ ವಿಮಾನ ಸಂಸ್ಥೆ ದುಡ್ಡು ತೆಗೆದುಕೊಳ್ಳುವುದು 160ಕ್ಕೇ. ನಮ್ಮಲ್ಲಿ ಒಬ್ಬ ಹೊಸ ಹುಡುಗ ಸಿದ್ಧ ಉಡುಪಿನ ಪಾರ್ಟಿಗೆ ಅಳತೆ ಕೇಳದೆ ತೂಕದ ಮೇಲೆ ಒಟ್ಟು ಮೊತ್ತ ಬರೆದುಕೊಟ್ಟ. ಹತ್ತು ಪೆಟ್ಟಿಗೆ. 700 ಕಿಲೋಗೆ ದರ ಹೇಳಿ 1,600 ಕಿಲೋಗೆ ಕಟ್ಟಬೇಕಾಯಿತು. ಪಾರ್ಟಿ ಆ ಮೇಲನ್ನು ಮುದ್ರಿಸಿ ಫೈಲಿಗೆ ಹಾಕಿಟ್ಟುಕೊಂಡಿತ್ತು.

ಹಡಗಿಗೂ ಹೀಗೆಯೇ. 20 ಅಡಿ ಕಂಟೇನರಿನಲ್ಲಿ 33 ಘನ ಮೀಟರ್ ಎಂದು ಪಟ್ಟಿಯಲ್ಲಿ ಇರುತ್ತದೆ. ಪೆಟ್ಟಿಗೆ ಜೋಡಿಸಿ ನೋಡಿದರೆ 28 ದಾಟುವುದು ಕಷ್ಟ. ಪಟ್ಟಿ ನೋಡಿ ಮಾತು ಕೊಡಬೇಡಿ, ಪ್ಯಾಕಿಂಗ್ ಲಿಸ್ಟ್ ನೋಡಿ ಕೊಡಿ.

ಬೊಮ್ಮಸಂದ್ರ
ಇಲ್ಲಿ ಎಲ್ಲರೂ "ಹುಡುಗ", "ಅವನು" ಎಂದೇ ಬರೆಯುತ್ತಿದ್ದೀರಿ. ಫೀಲ್ಡ್ ಸೇಲ್ಸ್‌ನಲ್ಲಿ ಹೆಂಗಸರೂ ಇದ್ದೇವೆ. ಮೊದಲ ಭೇಟಿಯಲ್ಲಿ "ನಿಮ್ಮ ಸರ್ ಯಾವಾಗ ಬರುತ್ತಾರೆ?" ಎಂದು ಕೇಳುತ್ತಾರೆ. ಸರ್ ಬರುವುದಿಲ್ಲ, ದರ ನಾನೇ ಕೊಡುವುದು ಎಂದ ಮೇಲೆ ಎರಡು ನಿಮಿಷ ಮೌನ. ಬಿಸಿಲಿನಲ್ಲಿ ಸ್ಕೂಟರಿನಲ್ಲಿ ಜಿಗಣಿಯಿಂದ ಅತ್ತಿಬೆಲೆವರೆಗೆ ಸುತ್ತುವುದು ಕಷ್ಟವಲ್ಲ. ಅರ್ಧ ದಿನ ಎಲ್ಲೂ ಒಂದು ಶೌಚಾಲಯ ಸಿಗದಿರುವುದು ಕಷ್ಟ. ಯಾವ ಫ್ಯಾಕ್ಟರಿಯ ಸ್ವಾಗತ ವಿಭಾಗ ಅದಕ್ಕೆ ಬಿಡುತ್ತದೆ ಎಂಬುದು ನನಗೆ ನಕ್ಷೆಯ ಹಾಗೆ ಗೊತ್ತು.

ಇನ್ನೊಂದು ಮಾತು, ಯಾರೂ ಎತ್ತಿಲ್ಲ. ಖರೀದಿ ವಿಭಾಗದ ಕೆಲವರು ಟನ್ನಿಗೆ ಇಷ್ಟು, ಕಂಟೇನರಿಗೆ ಇಷ್ಟು ಎಂದು ತಮ್ಮ ಪಾಲು ಕೇಳುತ್ತಾರೆ. ದೀಪಾವಳಿಯ ಡ್ರೈ ಫ್ರೂಟ್ಸ್ ಡಬ್ಬಿಯ ವಿಷಯ ನಾನು ಹೇಳುತ್ತಿಲ್ಲ. ನಾನು ಕೊಡುವುದಿಲ್ಲ, ಆ ಪಾರ್ಟಿ ಬಿಟ್ಟೆ.

ಗುರಿ ತಪ್ಪದವ
ಮೇಡಂ, ಎಲ್ಲ ಕಡೆ ಹಾಗೇನೂ ಇಲ್ಲ.

ಬೊಮ್ಮಸಂದ್ರ
ಎಲ್ಲ ಕಡೆ ಎಂದು ನಾನೆಲ್ಲಿ ಬರೆದಿದ್ದೇನೆ? "ಕೆಲವರು" ಎಂದಿದೆ, ಮೇಲೆ ನೋಡಿ.

ಹುಬ್ಬಳ್ಳಿ ಬೈಪಾಸ್
ನೀವೆಲ್ಲ ಹಡಗು, ವಿಮಾನದವರು. ಲಾರಿ ಲೈನಿನ ಕಷ್ಟ ಬೇರೆಯೇ. ನಮ್ಮಲ್ಲಿ ಪಾರ್ಟಿಗೆ ವರ್ಷದ ಒಪ್ಪಂದ, ಲಾರಿ ಮಾಲೀಕನಿಗೆ ದಿನದ ದರ. ಬ್ಯಾಡಗಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಹಾವೇರಿ ಕಡೆಯ ಲಾರಿಗಳೆಲ್ಲ ಅತ್ತ ತಿರುಗುತ್ತವೆ. ಅದೇ ವಾರ ಪಾರ್ಟಿ ಐದು ಗಾಡಿ ಕೇಳುತ್ತದೆ. ಒಪ್ಪಂದದ ದರಕ್ಕೆ ಬ್ರೋಕರ್ ನಗುತ್ತಾನೆ. ಕೊಡದಿದ್ದರೆ ಪಾರ್ಟಿ ದಂಡ ಹಾಕುತ್ತದೆ, ಕೊಟ್ಟರೆ ನಷ್ಟ. ಗಾಡಿ ಹೊರಡುವಾಗಲೇ ಮಾಲೀಕನಿಗೆ ಬಾಡಿಗೆಯ ಬಹುಪಾಲು ಮುಂಗಡ ಕೊಡಬೇಕು, ಡೀಸೆಲ್ ಅವನ ಕೈಯಿಂದ ಹೋಗುವುದಿಲ್ಲ. ನಮ್ಮ ಹಣ ಬರುವುದು ಸಹಿ ಆದ ಎಲ್.ಆರ್. (ಲಾರಿ ರಸೀದಿ) ಪ್ರತಿ ಅವರ ಮುಖ್ಯ ಕಚೇರಿಗೆ ತಲುಪಿ, ಅವರ ಮನಸ್ಸು ಬಂದ ಮೇಲೆ.

ಸರಕಿನ ಜೊತೆ ಇರಬೇಕಾದ ಜಿ.ಎಸ್.ಟಿ. ದಾಖಲೆ, ಇ-ವೇ ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನ. 300 ಕಿ.ಮೀ. ದೂರಕ್ಕೆ ಎರಡು ದಿನ. ಗಾಡಿ ಶನಿವಾರ ಕೆಟ್ಟರೆ ಭಾನುವಾರ ಮೆಕ್ಯಾನಿಕ್ ಇಲ್ಲ. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬೇಕು. ಮಲಗಿದ್ದರೆ ಹೋಯಿತು. ಗಾಡಿ ಹಿಡಿದರೆ ತೆರಿಗೆಯ ಎರಡು ಪಟ್ಟು ದಂಡ. ಚಾಲಕ ಫೋನ್ ಮಾಡುವುದು ಸೇಲ್ಸ್‌ನವನಿಗೇ, ಏಕೆಂದರೆ ಅವನ ಬಳಿ ಇರುವ ನಂಬರ್ ಅದೊಂದೇ.

ದಾವಣಗೆರೆ ಹುಡುಗ
ಸರಕು ಹಾಳಾದರೆ? ವಿಮೆಯವನಾದ್ದರಿಂದ ಕುತೂಹಲ.

ಹುಬ್ಬಳ್ಳಿ ಬೈಪಾಸ್
ಬೆಲೆ ಘೋಷಿಸಿ ಹೆಚ್ಚುವರಿ ಕಟ್ಟದಿದ್ದರೆ ರಸ್ತೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ. 2007ರ ರಸ್ತೆ ಸಾಗಣೆ ಕಾಯ್ದೆ, 2011ರ ನಿಯಮಗಳು. ಇದನ್ನು ಸರಕು ಹೊರಡುವ ಮೊದಲು ಹೇಳಿದ ಸೇಲ್ಸ್‌ನವನನ್ನು ನಾನಂತೂ ಕಂಡಿಲ್ಲ. ನೆನೆದ ಮೇಲೆ ಹೇಳುತ್ತಾರೆ.

ಪೀಣ್ಯದ ಹಳಬ
ಇದೇ ನಿಮಗೆ ದಾರಿ ತಮ್ಮ. ನಮ್ಮಲ್ಲಿ ಅರ್ಧ ಜನಕ್ಕೆ ಟ್ರಾನ್ಸಿಟ್ (ಸಾಗಣೆಯಲ್ಲಿರುವ ಸರಕಿನ) ವಿಮೆಯ ಬಗ್ಗೆ ಎರಡು ವಾಕ್ಯ ಬರುವುದಿಲ್ಲ. ಎಫ್.ಒ.ಬಿ. (ಹಡಗಿಗೆ ಏರಿಸಿಕೊಡುವ) ಷರತ್ತಿನಲ್ಲಿ ಮಾರಿದ ಸಣ್ಣ ರಫ್ತುದಾರನಿಗೆ, ಫ್ಯಾಕ್ಟರಿಯಿಂದ ಹಡಗಿಗೆ ಏರುವವರೆಗಿನ ಅಪಾಯ ತನ್ನದೇ ಎಂಬುದು ಗೊತ್ತಿರುವುದಿಲ್ಲ. ನೀವು ಅದನ್ನು ಮಾತನಾಡಿದರೆ ಅವರು ಕುರ್ಚಿ ಎಳೆದು ಕೂರಿಸುತ್ತಾರೆ.

ಜೆಬೆಲ್ ಅಲಿ
ದುಬೈಯಿಂದ. ಇಲ್ಲಿಯೂ ಇದೇ ಕೆಲಸ, ಇದೇ ಬೈಗುಳ. ಒಂದು ವ್ಯತ್ಯಾಸ: ಪಾರ್ಟಿ ಮುಂದಿನ ತಾರೀಖಿನ ಚೆಕ್ ಕೊಡುತ್ತದೆ, ಕೈಯಲ್ಲಿ ಏನೋ ಒಂದು ಇದೆ ಎಂಬ ಸಮಾಧಾನ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹೌತಿ ದಾಳಿ ಶುರುವಾದಾಗ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಲಾರಂಭಿಸಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು, ಮೇಲೆ ಹೊಸ ಸರ್‌ಚಾರ್ಜ್. ತಿಂಗಳ ಹಿಂದೆ ಕೊಟ್ಟ ದರವನ್ನು ಬದಲಾಯಿಸಬೇಕೆಂದು ನಲವತ್ತು ಪಾರ್ಟಿಗೆ ಹೇಳುವ ಕೆಲಸ ಯಾರದು? ದರಪಟ್ಟಿಯ ಕೊನೆಯಲ್ಲಿ "ಸರ್‌ಚಾರ್ಜುಗಳು ಹಡಗು ಹೊರಟ ದಿನದಂತೆ" ಎಂಬ ಸಾಲು ಇರಲೇಬೇಕು. ಆ ಸಾಲು ಇಲ್ಲದವರು ಆ ಚಳಿಗಾಲದಲ್ಲಿ ಕೈಯಿಂದ ಕಟ್ಟಿದರು.

ತುಮಕೂರು ರಸ್ತೆ
ಇಷ್ಟೆಲ್ಲ ಹೇಳಿದಿರಿ, ಮುಖ್ಯವಾದದ್ದನ್ನು ಬಿಟ್ಟಿರಿ. ತುಮಕೂರು ಪ್ರದೇಶ ಸಿಕ್ಕವರು ಪುಣ್ಯವಂತರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋದರೆ ಮಧ್ಯಾಹ್ನದವರೆಗೆ ಯಾರ ಬೈಗುಳವೂ ತಾಗುವುದಿಲ್ಲ.

ಬೊಮ್ಮಸಂದ್ರ
ತಟ್ಟೆ ಇಡ್ಲಿ ಎಂದರೆ ಬಿಡದಿ.

ತುಮಕೂರು ರಸ್ತೆ
ಬಿಡದಿಯದು ಹೆದ್ದಾರಿಯವರಿಗೆ. ಈ ವಾದ ಇಲ್ಲಿಗೆ ನಿಲ್ಲಿಸಿ, ಜಗಳವಾಗುತ್ತದೆ.

ಎರಡನೇ ಹಂತ
ಈಗ ಎಲ್ಲರೂ ಆನ್‌ಲೈನಿನಲ್ಲಿ ದರ ನೋಡಿ ಬುಕ್ ಮಾಡುತ್ತಾರೆ. ಹಡಗು ಕಂಪನಿಗಳೇ ನೇರವಾಗಿ ಮಾರುತ್ತವೆ. ಐದು ವರ್ಷದಲ್ಲಿ ಈ ಹುದ್ದೆಯೇ ಇರುವುದಿಲ್ಲ. ಅದಕ್ಕೇ ಮೊದಲೇ ಹೇಳಿದೆ.

ಆಪರೇಷನ್ಸ್ ಅಣ್ಣ
ದರ ಆನ್‌ಲೈನಿನಲ್ಲಿ ಸಿಗುತ್ತದೆ, ಒಪ್ಪುತ್ತೇನೆ. ಶಿಪ್ಪಿಂಗ್ ಬಿಲ್ಲಿನಲ್ಲಿ (ಕಸ್ಟಮ್ಸ್‌ಗೆ ಕೊಡುವ ರಫ್ತು ದಾಖಲೆಯಲ್ಲಿ) ಎಚ್.ಎಸ್. ಕೋಡ್, ಅಂದರೆ ಸರಕಿನ ವರ್ಗದ ಸಂಖ್ಯೆ, ತಪ್ಪಿ ವೈಟ್‌ಫೀಲ್ಡ್ ಡಿಪೊದಲ್ಲಿ ಕಂಟೇನರ್ ನಿಂತಾಗ ಆ ವೆಬ್‌ಸೈಟಿನ ಯಾವ ಗುಂಡಿ ಒತ್ತಬೇಕು? ಸಣ್ಣ ರಫ್ತುದಾರರು ಒಂದು ಸಲ ಅಲ್ಲಿ ಬುಕ್ ಮಾಡಿ, ಎರಡನೆಯ ಸಲ ನಮಗೆ ಫೋನ್ ಮಾಡುತ್ತಾರೆ.

ಎರಡನೇ ಹಂತ
ಸಣ್ಣವರು ಮಾಡುತ್ತಾರೆ. ದೊಡ್ಡವರು ಟೆಂಡರ್ ಹಾಕುತ್ತಾರೆ. ಸಣ್ಣವರನ್ನು ನಂಬಿ ಎಷ್ಟು ಜನ ಬದುಕುತ್ತೀರಿ?

ಪಣಂಬೂರು ಕಡೆಯವ
ನಾನು ಬದುಕುತ್ತಿದ್ದೇನೆ. ಸಣ್ಣವರು ಹಣವನ್ನೂ ಬೇಗ ಕೊಡುತ್ತಾರೆ.

ದಾವಣಗೆರೆ ಹುಡುಗ
ಎಲ್ಲರಿಗೂ ಧನ್ಯವಾದ. ಪತ್ರವನ್ನು ಮತ್ತೆ ಓದಿದೆ. ಮೂರನೇ ತಿಂಗಳ ನಂತರ ನಾನು ತರುವ ಒಟ್ಟು ಲಾಭ ನನ್ನ ಸಂಬಳದ ಮೂರು ಪಟ್ಟು ಇರಬೇಕಂತೆ. ಇನ್ಸೆಂಟಿವ್ ವಸೂಲಾದ ಮೇಲೆ. ಅದರ ಕೆಳಗೆ ಇನ್ನೊಂದು ಸಾಲಿದೆ: 120 ದಿನ ದಾಟಿದ ಬಾಕಿಯನ್ನು ಸಂಬಂಧಪಟ್ಟ ಸೇಲ್ಸ್ ಸಿಬ್ಬಂದಿಯ ಸಂಬಳದಿಂದ ಹಿಡಿಯಬಹುದು. ಇದು ಎಲ್ಲ ಕಡೆ ಇರುವುದೇ?

ಲೆಕ್ಕದ ಅಕ್ಕ
ಇನ್ಸೆಂಟಿವ್ ತಡೆಹಿಡಿಯುವುದು ಎಲ್ಲ ಕಡೆ ಇದೆ. ಸಂಬಳದಿಂದ ಹಿಡಿಯುವುದು ಸರಿಯಲ್ಲ. ಪಾರ್ಟಿಗೆ ಸಾಲ ಮಂಜೂರು ಮಾಡುವವರು ಮೇಲಿನವರು, ಸಂಬಳ ಮಾತ್ರ ನಿಮ್ಮದೇ? ಆ ಸಾಲನ್ನು ತೆಗೆಸದೆ ಸಹಿ ಹಾಕಬೇಡಿ.

ಪೀಣ್ಯದ ಹಳಬ
ಅಕ್ಕ, ಹೊಸಬನ ಮಾತಿಗೆ ಯಾರೂ ಪತ್ರ ತಿದ್ದುವುದಿಲ್ಲ. ತಮ್ಮ, ಕೇಳಿ ನೋಡಿ, ತೆಗೆದರೆ ಒಳ್ಳೆಯದು. ತೆಗೆಯದಿದ್ದರೆ ಪ್ರತಿ ಹೊಸ ಪಾರ್ಟಿಗೂ ಕ್ರೆಡಿಟ್ ಎಷ್ಟು, ಎಷ್ಟು ದಿನ ಎಂದು ಮ್ಯಾನೇಜರಿಂದ ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಫೋನಿನಲ್ಲಿ "ಸರಿ, ಮಾಡು" ಎಂದರೆ ಲೋಡು ಎತ್ತಬೇಡಿ.

ಲೆಕ್ಕದ ಅಕ್ಕ
ಒಪ್ಪುವುದಿಲ್ಲ. ಪತ್ರದಲ್ಲೇ ಹೀಗೆ ಬರೆಯುವ ಕಂಪನಿ ಮೇಲ್ ತೋರಿಸಿದರೆ ಬಿಟ್ಟುಬಿಡುತ್ತದೆಯೇ? ಬೇರೆ ಕಂಪನಿಗಳಿಗೂ ಅರ್ಜಿ ಹಾಕಿ, ಈ ಉದ್ಯಮದಲ್ಲಿ ಸೇಲ್ಸ್‌ನವರ ಕುರ್ಚಿ ಸದಾ ಖಾಲಿಯೇ ಇರುತ್ತದೆ. ಒಬ್ಬ ಪಾರ್ಟಿಯೂ ಗೊತ್ತಿಲ್ಲ ಎಂದರೂ ನಿಮ್ಮನ್ನು ಆಯ್ಕೆ ಮಾಡಿದ್ದು ಅದಕ್ಕೇ.

ದಾವಣಗೆರೆ ಹುಡುಗ
ಸೋಮವಾರ ಎಚ್.ಆರ್. ಜೊತೆ ಮಾತನಾಡುತ್ತೇನೆ. ಬೊಮ್ಮಸಂದ್ರ ಮೇಡಂ, ನಿಮ್ಮ ಕಂಪನಿಯಲ್ಲಿ ಖಾಲಿ ಇದ್ದರೆ ತಿಳಿಸಿ.

ಬೊಮ್ಮಸಂದ್ರ
ಇದೆ. ಆದರೆ ಪ್ರದೇಶ ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಸಿಗ್ನಲ್ಲು ದಾಟಿ ದಿನಾ ಬರಬೇಕು. ಯೋಚಿಸಿ ಸಂದೇಶ ಕಳುಹಿಸಿ.